ಟೀಚರಮ್ಮ ನಮ್ಮ ಮನೆಗೆ ಕಲಿಯಲು ಬಂದರು

ಐದು ವರ್ಷ ತುಂಬುವವರೆಗೆ ಮನೆ ಎಂದರೆ ನೀಲಿ ತಾಡಪತ್ರಿ ಎಂದೇ ನಾನು ತಿಳಿದಿದ್ದೆ. ಅಪ್ಪ ಅವ್ವ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಕಟ್ಟಡ ಮೇಲೇಳುವಷ್ಟು ಕಾಲ ಅದರ ಮಗ್ಗುಲಲ್ಲೇ ನಮ್ಮ ತಾಡಪತ್ರಿ. ಗೋಡೆಗಳಿಗೆ ಬಣ್ಣ ಬಳಿಯುವ ಹೊತ್ತಿಗೆ ನಾವು ಅದನ್ನು ಮಡಚಿಕೊಂಡು ಇನ್ನೊಂದು ಕಡೆಗೆ ಹೊರಟಿರುತ್ತಿದ್ದೆವು. ಹೀಗಾಗಿ, ಆಗ ಆಂಧ್ರಪ್ರದೇಶದಲ್ಲಿದ್ದ ಮಕ್ತಲ್‌ನಿಂದ ನಾರ್ವದ ಕಡೆ ಹೋಗುವ ದಾರಿಯಲ್ಲಿರುವ ನಮ್ಮೂರಿಗೆ ಬಂದು, ಅಜ್ಜನ ಮನೆಯ ಹೊಸ್ತಿಲು ದಾಟಿದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಗೋಡೆಗಳನ್ನು ಮುಟ್ಟಿ ನೋಡಿದ್ದು. ಮೊಳದಷ್ಟು ದಪ್ಪದ ಮಣ್ಣಿನ ಗೋಡೆ, ಕೈಯಿಟ್ಟರೆ ತಂಪು. ಮೇಲೆ ಜಂತಿ ಹಾಕಿ ಮಣ್ಣು ಹೊಡೆದ ಮಾಳಿಗೆ. ಅಡುಗೆಮನೆಯ ಮಾಳಿಗೆಯಲ್ಲೊಂದು ಬೆಳಕಿಂಡಿ. ಅಲ್ಲಿಂದ ಇಳಿದ ಬಿಸಿಲು ಬೆಳಿಗ್ಗೆ ನೀರಿನ ಕೊಡದ ಮೇಲಿದ್ದರೆ, ಅಜ್ಜಿ ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಒಲೆಯ ಹತ್ತಿರ ಬಂದಿರುತ್ತಿತ್ತು. ಬಿಸಿಲೂ ನಮ್ಮ ಹಾಗೆ ಜಾಗ ಬದಲಿಸುತ್ತದೆ, ಮನೆ ಮಾತ್ರ ಇದ್ದಲ್ಲೇ ಇರುತ್ತದೆ ಎಂಬುದು ನನಗೆ ದೊಡ್ಡ ಬೆರಗಾಗಿತ್ತು. ಮಾರನೆಯ ದಿನ ಎದ್ದು, ಗೋಡೆ ಅಲ್ಲೇ ಇದೆಯೋ ಇಲ್ಲವೋ ಎಂದು ಮತ್ತೆ ಮುಟ್ಟಿ ನೋಡಿದೆ.

ನನ್ನನ್ನು ಅಲ್ಲಿ ಬಿಡಲು ಕಾರಣ ಸಾಲಿ. ಪುಣೆಯಲ್ಲಿ ಒಮ್ಮೆ ಅವ್ವ ನನ್ನನ್ನು ಕಟ್ಟಿಕೊಂಡು ತಪ್ಪು ಬಸ್ಸು ಹತ್ತಿದ್ದಳು. ಯಾರನ್ನು ಏನು ಕೇಳಬೇಕೆಂದು ತಿಳಿಯದೆ, ಬಸ್ಸಿನ ಬೋರ್ಡು ಓದಲಾಗದೆ, ಸಂಜೆಯವರೆಗೆ ನಾವಿಬ್ಬರೂ ಊರೆಲ್ಲ ಸುತ್ತಿದ್ದೆವು. ಅಂದಿನಿಂದ ಅವಳದು ಒಂದೇ ಹಟ, ಈ ಹುಡುಗಿ ಓದಬೇಕು. ಬಿಟ್ಟು ಹೋಗುವಾಗ ನಾನು ಅತ್ತಿರಬೇಕು, ಅದು ನೆನಪಿಲ್ಲ. ನೆನಪಿರುವುದು ಅಜ್ಜಿಯ ಅಡುಗೆ ಮತ್ತು ನನ್ನ ಮಾತು. ಪುಂಡಿ ಪಲ್ಯ, ಬಿಸಿ ರೊಟ್ಟಿ, ಶೇಂಗಾ ಕುಟ್ಟಿ ಮಾಡಿದ ಖಾರದ ಹಿಂಡಿ ತಿನ್ನುತ್ತ ನಾನು ದಿನವಿಡೀ ಮಾತಾಡುತ್ತಿದ್ದೆ. ಕ್ರೇನು, ಲಿಫ್ಟು, ಹನ್ನೊಂದನೆಯ ಮಾಳಿಗೆಯಿಂದ ಕಾಣುತ್ತಿದ್ದ ರೈಲು, ಎಲ್ಲವೂ. ಪಡಸಾಲೆಯ ಮಂಚದ ಮೇಲೆ ಹಣೆತುಂಬ ವಿಭೂತಿ ಹಚ್ಚಿಕೊಂಡು ಕೂತಿರುತ್ತಿದ್ದ ಅಜ್ಜ ಮೆಲ್ಲಗೆ ನಗುತ್ತಿದ್ದ.

"ಈ ಹುಡುಗಿ ಬಾಯಿ ಒಂದ್ ಘಳಿಗಿ ಸುಮ್ಕಿರಂಗಿಲ್ಲ ನೋಡು."

ಆ ಬಾಯಿ ಸಾಲಿಗೆ ಹೋದ ಮೂರನೆಯ ದಿನ ಮುಚ್ಚಿಕೊಂಡಿತು. ನಮ್ಮ ಓಣಿಯಲ್ಲಿ ಕನ್ನಡ, ಸಾಲಿಯಲ್ಲಿ ತೆಲುಗು. ಊರಲ್ಲೇ ಹುಟ್ಟಿ ಬೆಳೆದ ಮಕ್ಕಳು ಅಂಗಡಿ, ಹೊಲ, ಬಸ್ ಸ್ಟ್ಯಾಂಡಿನಲ್ಲಿ ಹೇಗೋ ಎರಡನ್ನೂ ಕಲಿತಿರುತ್ತಿದ್ದರು. ನನಗೆ ಪುಣೆಯ ನಾಲ್ಕು ಹಿಂದಿ ಮಾತು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಒಂದನೆಯ ತರಗತಿಗೆ ಬರುತ್ತಿದ್ದವರು ಸುಜಾತ ಟೀಚರಮ್ಮ. ಗದ್ವಾಲಿನವರು, ಇನ್ನೂ ಚಿಕ್ಕ ವಯಸ್ಸು, ಇದೇ ಅವರ ಮೊದಲ ನೌಕರಿ. ದಿನಾ ಗದ್ವಾಲಿನಿಂದ ಬಸ್ಸು ಬದಲಿಸಿಕೊಂಡು ಬರುತ್ತಿದ್ದರು. ಮೂರನೆಯ ದಿನ ನಾನು ಎದ್ದು ಅವರ ಸೆರಗು ಹಿಡಿದು ಹೇಳಿದೆ.

"ಒಂದಕ್ಕ ಬಂದೈತ್ರಿ."

ಅವರ ಕಿವಿಗೆ ಬಿದ್ದದ್ದು 'ವಂದ' ಮಾತ್ರ. ತೆಲುಗಿನಲ್ಲಿ ಹಾಗೆಂದರೆ ನೂರು. ಇಷ್ಟು ಚಿಕ್ಕ ಹುಡುಗಿಗೆ ನೂರು ಗೊತ್ತಲ್ಲ ಎಂದು ಅವರ ಮುಖ ಅರಳಿತು. ಶಭಾಷ್ ಎಂದು ಬೆನ್ನು ತಟ್ಟಿ, ನನ್ನ ಪಾಟಿಯ ಮೇಲೆ ಒಂದು ಗೆರೆ, ಎರಡು ಸೊನ್ನೆ ಬರೆದುಕೊಟ್ಟು, ತಿದ್ದು ಎಂದು ಕೈಸನ್ನೆ ಮಾಡಿದರು. ನಾನು ಆ ಎರಡು ಸೊನ್ನೆಗಳನ್ನು ನೋಡುತ್ತ ಕೂತೆ. ಕೂತಲ್ಲೇ ಲಂಗ ಒದ್ದೆಯಾಯಿತು. ಮಕ್ಕಳು ನಕ್ಕರು. ಟೀಚರಮ್ಮ ಅವರನ್ನು ಗದರಿಸಿ, ನನ್ನನ್ನು ತೊಳೆದು, ಇನ್ನೊಬ್ಬ ಹುಡುಗಿಯ ಜೊತೆ ಮನೆಗೆ ಕಳಿಸಿದರು. ಆದರೆ ಆ ನಗು ನನ್ನ ಜೊತೆಗೇ ಬಂತು. ಮರುದಿನದಿಂದ ಸಾಲಿಯ ಒಳಗೆ ನಾನು ಬಾಯಿ ಬಿಡಲಿಲ್ಲ. ಹಾಜರಿ ಕರೆದಾಗ ಕೈ ಎತ್ತುತ್ತಿದ್ದೆ, ಅಷ್ಟೇ. ಮಳೆಗಾಲ ಅರ್ಧ ಕಳೆಯುವ ಹೊತ್ತಿಗೆ ಮಕ್ಕಳು ನನ್ನನ್ನು ಮೂಗಿ ಎಂದು ಕರೆಯತೊಡಗಿದ್ದರು. ಮನೆಗೆ ಬಂದರೆ ಮಾತ್ರ ಎರಡರಷ್ಟು ಮಾತು. ಹಾಗಾಗಿ ಅಜ್ಜ ಅಜ್ಜಿಗೆ ಇದು ಗೊತ್ತೇ ಇರಲಿಲ್ಲ.

ಒಂದು ಸಂಜೆ ಅಜ್ಜ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದಾಗ ಸಾಲಿ ಬಿಟ್ಟು ಹೋಗುತ್ತಿದ್ದ ಮಕ್ಕಳು ನನ್ನನ್ನು ಹಾಗೆ ಕೂಗಿದರು. ಅಜ್ಜ ಕೋಲು ಹಿಡಿದು ಎದ್ದ. ಅಜ್ಜ ಸಿಟ್ಟಿನಿಂದ ನಡುಗುವುದನ್ನು ನಾನು ಅದೇ ಮೊದಲು ನೋಡಿದ್ದು. ಮಕ್ಕಳು ಓಡಿಹೋದ ಮೇಲೆ ಅವನು ಒಳಗೆ ಬಂದು ನನ್ನ ಪಾಟಿಯನ್ನು ತೆಗೆದು ಅಟ್ಟದ ಮೇಲಿಟ್ಟ.

"ನಾಳಿಂದ ಸಾಲಿ ಬ್ಯಾಡ. ಮುಗೀತು."

"ಕೂಸಿನ ಅವ್ವ ಏನ್ ಹೇಳಿ ಹೋಗ್ಯಾಳ, ನೀವ್ ಏನ್ ಮಾಡಾಕತ್ತೀರಿ?" ಎಂದಳು ಅಜ್ಜಿ.

"ಆಕಿಗೆ ಗೊತ್ತಿಲ್ಲ. ನನಗ ಗೊತ್ತೈತಿ. ಒಂದ್ ಸಲ ಆ ಹೆಸರು ಹತ್ತಿದ್ರ ಬಿಡಂಗಿಲ್ಲ ಅದು."

ಅವನಿಗೆ ಏನು ಗೊತ್ತು ಎಂದು ಅಜ್ಜಿ ಕೇಳಲಿಲ್ಲ. ಎರಡು ದಿನ ಅಜ್ಜಿ ರೊಟ್ಟಿಯ ತಾಟನ್ನು ಮಂಚದ ಮೇಲಿಟ್ಟು ಹೋಗುವಳು, ಅವನು ಅರ್ಧ ತಿಂದು ಬಿಡುವನು. ಮೂರನೆಯ ದಿನ ಸಾಲಿ ಬಿಟ್ಟ ಮೇಲೆ ಸುಜಾತ ಟೀಚರಮ್ಮ ನಮ್ಮ ಮನೆಗೇ ಬಂದರು. ನಾನು ಜೋಳದ ಕಣಜದ ಹಿಂದೆ ಬಚ್ಚಿಟ್ಟುಕೊಂಡೆ. ಈ ಹುಡುಗಿ ಮನೆಯಲ್ಲಾದರೂ ಮಾತಾಡುತ್ತಾಳೆಯೇ, ಡಾಕ್ಟರಿಗೆ ತೋರಿಸಬೇಕೇ ಎಂದು ಅವರು ತೆಲುಗಿನಲ್ಲಿ ಕೇಳಿದರು. ಅಜ್ಜಿಗೆ ತೆಲುಗು ಸಂತೆಗೆ ಬೇಕಾದಷ್ಟು ಮಾತ್ರ ಬರುತ್ತಿತ್ತು. ಅವಳು ಕನ್ನಡ ತೆಲುಗು ಎರಡನ್ನೂ ಕಲಸಿ, ಈಕೆ ಮಲಗುವ ತನಕ ಮಾತಾಡುತ್ತಾಳೆ, ಮಲಗಿದ ಮೇಲೂ ಮಾತಾಡುತ್ತಾಳೆ ಎಂದಳು. ಆಮೇಲೆ ಒದ್ದೆಯಾದ ಲಂಗದ ಮಾತು ಬಂತು. 'ಒಂದಕ್ಕ' ಅಂದರೆ ಏನೆಂದು ಅಜ್ಜಿ ಕಿರುಬೆರಳೆತ್ತಿ ತೋರಿಸಿದಳು. ಕಣಜದ ಸಂದಿಯಿಂದ ನನಗೆ ಟೀಚರಮ್ಮನ ಮುಖ ಕಾಣುತ್ತಿತ್ತು. ದೊಡ್ಡವರ ಮುಖ ಹಾಗೆ ಕೆಂಪಾಗುವುದನ್ನು ನಾನು ನೋಡಿರಲಿಲ್ಲ.

"ತಪ್ಪು ಆಕೆಯದಲ್ಲ, ನನ್ನದು," ಎಂದು ತೆಲುಗಿನಲ್ಲಿ ಹೇಳಿದರು. ಅಜ್ಜ ಅದನ್ನು ಕೇಳಿಸಿಕೊಂಡ. ಆದರೂ ಪಾಟಿಯನ್ನು ಅಟ್ಟದಿಂದ ಇಳಿಸಲಿಲ್ಲ.

ಅದಾದ ಕೆಲವೇ ದಿನಗಳಲ್ಲಿ ಎಲ್ಲರ ಸಾಲಿಯೂ ಮುಚ್ಚಿತು. ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕು ಎಂದು ಮುಷ್ಕರ ಶುರುವಾಗಿತ್ತು. ಬಸ್ಸುಗಳು ನಿಂತವು, ಆಫೀಸುಗಳಿಗೆ ಬೀಗ ಬಿತ್ತು, ಮಾಸ್ತರರೆಲ್ಲ ಮಕ್ತಲ್‌ನಲ್ಲಿ ರಸ್ತೆ ಬದಿಯ ಟೆಂಟಿನಲ್ಲಿ ಧರಣಿ ಕೂರಬೇಕಾಯಿತು. ಬಸ್ಸಿಲ್ಲದೆ ಗದ್ವಾಲಿನಿಂದ ದಿನಾ ಬರುವುದು ಟೀಚರಮ್ಮನಿಗೆ ಆಗದ ಮಾತು. ಮಕ್ತಲ್‌ನಲ್ಲೇ ಗೆಳತಿಯರ ಜೊತೆ ಇರಬಹುದಿತ್ತು. ಆದರೆ ಒಂದು ಬೆಳಿಗ್ಗೆ ಅವರು ಒಂದು ಬ್ಯಾಗು ಹಿಡಿದು ನಮ್ಮ ಅಂಗಳಕ್ಕೆ ಬಂದು ನಿಂತರು. ಬರುವಾಗಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದ ಕನ್ನಡದಲ್ಲಿ ಅಜ್ಜಿಗೆ ಹೇಳಿದರು.

"ಅಮ್ಮಾ, ಸಾಲಿ ಬಂದ್ ಐತಿ. ನಾನು ಇಲ್ಲಿ ಇರ್ತಾಳು. ನನಗ ಮಾತು ಕಲಿಸ್ರಿ."

ಅಜ್ಜಿ ಅಜ್ಜನ ಮುಖ ನೋಡಿದಳು. ಅಜ್ಜ ಮಂಚದಿಂದ ಎದ್ದು ಹೋಗಿ ಪಕ್ಕದ ಕೋಣೆಯಲ್ಲಿ ತುಂಬಿಟ್ಟಿದ್ದ ಹತ್ತಿಕಟ್ಟಿಗೆಯನ್ನು ಒಂದೊಂದೇ ಹೊರೆಯಾಗಿ ಹೊರಗೆ ಹಾಕತೊಡಗಿದ.

ಆ ದಿನಗಳಲ್ಲಿ ಟೀಚರಮ್ಮ ಬೆಳಿಗ್ಗೆ ಯಾರದೋ ಸೈಕಲ್ ತೆಗೆದುಕೊಂಡು ಟೆಂಟಿಗೆ ಹೋಗುವರು, ಮಧ್ಯಾಹ್ನ ಬಿಸಿಲಲ್ಲಿ ತಿರುಗಿ ಬರುವರು. ಕೈಕಾಲು ತೊಳೆದು, ಅಡುಗೆಮನೆಯಲ್ಲಿ ಅಜ್ಜಿಯ ಪಕ್ಕ ನೆಲದ ಮೇಲೆ ಕೂತು, ಒಂದು ನೋಟುಬುಕ್ಕು ತೆರೆಯುವರು. ಆಮೇಲೆ ನನ್ನ ಕಡೆ ತಿರುಗಿ ಒಂದೊಂದೇ ಸಾಮಾನು ಎತ್ತಿ ಹಿಡಿಯುವರು. ನಾನು ಮೊದಲು ಕಣಜದ ಹಿಂದಿನಿಂದ ಹೇಳಿದೆ. ಮರುದಿನ ಕಣಜದ ಪಕ್ಕದಿಂದ. ಆಮೇಲೆ ಅವರ ಮಂಡಿಗೆ ಮಂಡಿ ತಾಗಿಸಿ ಕೂತು ಹೇಳಿದೆ. ನಾನು ಹೇಳಿದ್ದನ್ನೆಲ್ಲ ಅವರು ಬರೆದುಕೊಳ್ಳುತ್ತಿದ್ದರು. ನನ್ನ ಬಾಯಿಂದ ಬಿದ್ದ ಮಾತನ್ನು, ಸಾಲಿಯ ಟೀಚರು, ಪೆನ್ನಿನಿಂದ, ಪುಸ್ತಕದಲ್ಲಿ. ಅವರ ತಪ್ಪಿಗೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. "ನಾನು ರೊಟ್ಟಿ ತಿಂದಾಳು" ಎನ್ನುವರು. ನಾನು ನಕ್ಕರೆ ಅವರೂ ನಗುವರು, ಸರಿಯಾದದ್ದು ಹೇಳು ಎಂದು ಕೇಳುವರು, ಹೇಳಿದರೆ ಬರೆದುಕೊಳ್ಳುವರು. ಅಳಲಿಲ್ಲ, ಬಚ್ಚಿಟ್ಟುಕೊಳ್ಳಲಿಲ್ಲ, ನಾಳೆಯಿಂದ ಮಾತಾಡುವುದಿಲ್ಲ ಎಂದು ಬಾಯಿ ಮುಚ್ಚಿಕೊಳ್ಳಲಿಲ್ಲ. ತಪ್ಪು ಮಾತಾಡಿಯೂ ಒಬ್ಬ ಮನುಷ್ಯ ಸುಖವಾಗಿ ಕೂತು ಪುಂಡಿ ಪಲ್ಯ ತಿನ್ನಬಹುದು ಎಂದು ನನಗೆ ಮೊದಲು ತಿಳಿದದ್ದು ಅವರನ್ನು ನೋಡಿ.

ವಾರ ಕಳೆಯುವಷ್ಟರಲ್ಲಿ ಓಣಿಯ ಚಿಕ್ಕ ಮಕ್ಕಳೂ ಬಂದು ಸೇರಿಕೊಂಡರು. ಅಜ್ಜಿ ಮೊರದಲ್ಲಿ ಹೆಸರು, ತೊಗರಿ, ಜೋಳ ಕಲಸಿ ಇಡುವಳು, ನಾವು ಅವನ್ನು ಬೇರೆ ಬೇರೆ ಗುಡ್ಡೆ ಮಾಡಿ ಎಣಿಸಬೇಕು. ಹುಣಸೆ ಬೀಜದಿಂದ ಅಂಗಳದಲ್ಲಿ ಅಕ್ಷರ ಜೋಡಿಸಬೇಕು. ಕೆಲಸ ಮಾಡುತ್ತಲೇ ಟೀಚರಮ್ಮ ಪ್ರತಿಯೊಂದಕ್ಕೂ ತೆಲುಗಿನ ಹೆಸರನ್ನೂ ಹೇಳುತ್ತಿದ್ದರು, ನಮ್ಮದನ್ನು ಮೊದಲು, ತಮ್ಮದನ್ನು ಆಮೇಲೆ. ಅಜ್ಜ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಂತೆ ಇರುತ್ತಿದ್ದ. ಮಲಗಿರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಟೀಚರಮ್ಮ ತಮ್ಮ ನೋಟುಬುಕ್ಕನ್ನು ಗಟ್ಟಿಯಾಗಿ ಓದುತ್ತಿದ್ದರು. ಎಡಗಡೆ ನನ್ನ ಮಾತು, ಬಲಗಡೆ ಅವರದು. ಹಾಲು, ಪಾಲು. ಹುಲಿ, ಪುಲಿ. ಹಂದಿ, ಪಂದಿ. ನಾನು ಅವರ ತುಟಿಗಳನ್ನೇ ನೋಡುತ್ತಿದ್ದೆ. ನನ್ನ ಮಾತು ಹೇಳುವಾಗ ಬಾಯಿ ತೆರೆದಿರುತ್ತದೆ, ಅವರ ಮಾತು ಹೇಳುವಾಗ ತುಟಿ ಕೂಡಿ ಬಿಡುತ್ತದೆ. ಅಷ್ಟೇ ವ್ಯತ್ಯಾಸ. ಉಳಿದದ್ದು ಅದೇ ಮಾತು. ನನಗೆ ಏನೋ ಹೊಳೆದಂತಾಯಿತು, ಆದರೆ ಅದು ಏನೆಂದು ತಿಳಿಯಲಿಲ್ಲ. ಬಾಗಿಲಿನಾಚೆ ನಮ್ಮ ಹೊಲ ಕಾಣುತ್ತಿತ್ತು. ನಾನು ತುಟಿ ಕೂಡಿಸಿ ನಿಧಾನವಾಗಿ ಹೇಳಿದೆ.

"ಹೊಲ. ಪೊಲ."

ಟೀಚರಮ್ಮನ ಪೆನ್ನು ನಿಂತಿತು.

"ಯಾರು ಹೇಳಿದ್ರು ನಿನಗ?"

"ಯಾರೂ ಇಲ್ರಿ."

"ಅದನ್ನ ನಾವು ಪೊಲಂ ಅಂತೀವಿ," ಎಂದರು. ಅವರ ದನಿ ಬಹಳ ಮೆಲ್ಲಗಾಗಿತ್ತು. "ಇನ್ನೊಂದು ಹೇಳು."

ಕೋಣೆಯಿಂದ ಹೊರಹಾಕಿದ ಕಟ್ಟಿಗೆ ಅಂಗಳದಲ್ಲಿತ್ತು. ಹತ್ತಿ, ಪತ್ತಿ ಎಂದೆ. ಅವರು ತಲೆ ಆಡಿಸಿದರು. ಅಜ್ಜಿಯ ಒಲೆಯ ಕಡೆ ನೋಡಿ, ಹೊಗಿ, ಪೊಗಿ ಎಂದೆ. ಪೊಗ ಎಂದು ತಿದ್ದಿದರು, ಆದರೆ ತಲೆ ಆಡಿಸಿದರು. ಹಗಲು, ಪಗಲು. ಅದೂ ಇತ್ತು. ಯಾರೂ ನನಗೆ ಹೇಳಿಕೊಡದ ಮಾತುಗಳು. ನಾನು ಕೂತಲ್ಲೇ ಮಾಡಿ ತೆಗೆಯುತ್ತಿದ್ದೆ, ಮತ್ತು ಅವು ಆಗಲೇ ಹೊರಗೆ ಲೋಕದಲ್ಲಿ ಇದ್ದವು, ಗದ್ವಾಲಿನಲ್ಲಿ, ಮಕ್ತಲ್‌ನಲ್ಲಿ, ನನ್ನನ್ನು ನೋಡಿ ನಕ್ಕ ಮಕ್ಕಳ ಬಾಯಲ್ಲಿ. ನನ್ನ ಮೈ ಜುಮ್ಮೆಂದಿತು. ಬೀಗ ಹಾಕಿದ್ದ ಒಂದು ದೊಡ್ಡ ಮನೆಯ ಬಾಗಿಲು ನೂಕಿದ್ದಕ್ಕೆ ತೆರೆದುಕೊಂಡ ಹಾಗೆ. ಹುಮ್ಮಸ್ಸಿನಲ್ಲಿ ಗೋಡೆಯ ಮೇಲೆ ಹರಿಯುತ್ತಿದ್ದ ಹಲ್ಲಿಯನ್ನು ತೋರಿಸಿ ಪಲ್ಲಿ ಎಂದುಬಿಟ್ಟೆ.

ಟೀಚರಮ್ಮ ನಕ್ಕು ನಕ್ಕು ಗೋಡೆಗೆ ಒರಗಿದರು. ಅವರು ಉತ್ತರ ಹೇಳುವ ಮೊದಲೇ ಮಂಚದ ಮೇಲಿಂದ ಅಜ್ಜನ ದನಿ ಬಂತು.

"ಪಲ್ಲಿ ಅಂದ್ರ ಶೇಂಗಾ ಆತದವ್ವ. ಹಲ್ಲಿ ಹಿಡದು ಹಿಂಡಿ ಕುಟ್ಟತಿಯೇನ್?"

ನಾವೆಲ್ಲ ತಿರುಗಿ ನೋಡಿದೆವು. ಅಜ್ಜ ಈ ಕಡೆ ಹೊರಳಿದ್ದ. ನಗುತ್ತಿದ್ದ, ಕಣ್ಣಲ್ಲಿ ನೀರೂ ಇತ್ತು. ಆ ಸಂಜೆ ಅವನೇ ಏಣಿ ಹಾಕಿ ಅಟ್ಟ ಹತ್ತಿ ಪಾಟಿಯನ್ನು ಇಳಿಸಿದ. ಧೂಳನ್ನು ತನ್ನ ಧೋತರದ ಅಂಚಿನಿಂದ ಒರೆಸಿದ.

ದಸರೆ ಕಳೆದು ಸಾಲಿ ತೆರೆಯಿತು. ಬಸ್ಸುಗಳು ಓಡತೊಡಗಿ, ಟೀಚರಮ್ಮ ಮತ್ತೆ ಗದ್ವಾಲಿನಿಂದಲೇ ಬರತೊಡಗಿದರು. ದೀಪಾವಳಿಗೆ ಅಪ್ಪ ಅವ್ವ ಬಂದರು. ನನಗಾಗಿ ಹೊಸ ಫ್ರಾಕು ತಂದಿದ್ದರು, ಅದು ಚಿಕ್ಕದಾಗಿತ್ತು. ನಾನು ಎಷ್ಟು ಬೆಳೆದಿರಬಹುದು ಎಂಬ ಅಂದಾಜು ಅವ್ವನಿಗೆ ತಪ್ಪಿತ್ತು. ಅದಕ್ಕೇ ಅವಳು ಹಬ್ಬದ ದಿನ ಹೋಳಿಗೆ ಮಾಡುತ್ತ ಅಳುತ್ತಿದ್ದಳೆಂದು ನನಗೆ ಆಗ ತಿಳಿಯಲಿಲ್ಲ. ಊಟಕ್ಕೆ ಕೂತಾಗ ಅಪ್ಪ ಮಾತು ತೆಗೆದ.

"ಹುಡುಗೀನ ಕರಕೊಂಡ್ ಹೊಕ್ಕೀವಿ. ಇಲ್ಲಿ ಸಾಲಿ ಇವತ್ತ ತೆರಿತಾವು, ನಾಳಿ ಮುಚ್ತಾವು. ಹೊಸಾ ರಾಜ್ಯ ಆದ್ರ ನಮ್ಮಂಥಾ ಕನ್ನಡದೋರಿಗೆ ಯಾರ್ ಕೇಳ್ತಾರ? ಮೊದ್ಲ ಮೂಗಿ ಅನ್ನಾಕತ್ತಾರಂತ."

ಓಣಿಯಲ್ಲಿ ಯಾರೋ ಅವನಿಗೆ ಹೇಳಿದ್ದರು. ಅವ್ವ ತಲೆ ತಗ್ಗಿಸಿ ಬಡಿಸುತ್ತಿದ್ದಳು. ಅವಳಿಗೆ ನಾನು ಬೇಕಾಗಿತ್ತು, ನನಗೂ ಅವಳು ಬೇಕಾಗಿತ್ತು. ಅಜ್ಜಿ ಸಿಟ್ಟಿನಿಂದ ಏನೋ ಹೇಳಹೊರಟಳು. ಅಜ್ಜ ಕೈ ಎತ್ತಿ ತಡೆದ. ತಾಟನ್ನು ಸರಿಸಿ, ಬಹಳ ನಿಧಾನವಾಗಿ, ಮಗನ ಮುಖ ನೋಡದೆ ಹೇಳಿದ.

"ನಾನೂ ಸಾಲಿಗೆ ಹೋಗಿದ್ದೆ. ನಿಮಗ ಯಾರಿಗೂ ಗೊತ್ತಿಲ್ಲ. ನಿಜಾಮನ ಕಾಲ, ಎಲ್ಲಾ ಉರ್ದು. ಉಸ್ತಾದ ನನ್ನ ಹೆಸರು ಕೇಳ್ಯಾನ. ನನಗ ತಿಳೀಲಿಲ್ಲ, ಸುಮ್ನ ನಿಂತೆ. ಮರದಿನಾ ಕೇಳ್ಯಾನ, ಸುಮ್ನ ನಿಂತೆ. ಹಾಜರಿ ಬುಕ್ಕಿನ್ಯಾಗ ಗೂಂಗಾ ಅಂತ ಬರಕೊಂಡ. ಮಾತು ಬರದವ ಅಂತ ಅದರ ಅರ್ಥ. ಒಂದ್ ಸುಗ್ಗಿಗೆ ಬಿಟ್ಟು ಬಂದೆ. ಮೀಸಿ ಬರೋತನಕ ಊರಾಗ ನಾನು ಗೂಂಗಾನ."

ಅಪ್ಪನ ಕೈ ತಾಟಿನಲ್ಲೇ ನಿಂತಿತ್ತು. ಐವತ್ತು ವರ್ಷ ಜೊತೆಗಿದ್ದ ಅಜ್ಜಿಯೂ ಇದನ್ನು ಮೊದಲ ಸಲ ಕೇಳುತ್ತಿದ್ದಳು.

"ನನ್ನ ಮಾತು ಕಲಿಯಾಕ ಯಾರೂ ಮನಿಗೆ ಬರಲಿಲ್ಲಪಾ. ಇಕಿಗೆ ಒಬ್ಬಾಕಿ ಬಂದಾಳ. ಬ್ಯಾಗು ತಗೊಂಡು ಬಂದು ಆ ಕೋಣ್ಯಾಗ ಇದ್ದು ಹೋಗ್ಯಾಳ. ಇಂಥಾದ್ದು ನಾ ಎಲ್ಲೂ ನೋಡಿಲ್ಲ. ಬಿಟ್ಟು ಹೋಗ್ರಿ ಕೂಸನ್ನ."

ಕೊನೆಗೆ ಅವ್ವ ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ, ಇಲ್ಲೇ ಇರಲಿ ಎಂದಳು. ಅಷ್ಟು ಹೇಳಲು ಅವಳಿಗೆ ಎಷ್ಟು ಕಷ್ಟವಾಗಿರಬೇಕು ಎಂದು ತಿಳಿಯಲು ನನಗೆ ಇನ್ನೂ ಎಷ್ಟೋ ವರ್ಷ ಬೇಕಾಯಿತು.

ಅವರು ಹೊರಡುವ ದಿನ ನನಗೆ ಗೊತ್ತಿರಲಿಲ್ಲ. ನಾನು ಜೀಪಿನ ಹಿಂದೆ ಓಡಿ ಬರುತ್ತೇನೆಂದು ಅವ್ವ ಹೆದರಿದ್ದಳು, ಅದಕ್ಕೆ ನಾನು ಸಾಲಿಯಲ್ಲಿರುವ ಹೊತ್ತಿಗೇ ಹೊರಡುವುದೆಂದು ತೀರ್ಮಾನಿಸಿದ್ದರು. ಅಂದು ತರಗತಿಯಲ್ಲಿ ಹಬ್ಬದ ಮಾತು ನಡೆದಿತ್ತು. ಒಬ್ಬೊಬ್ಬರೇ ಎದ್ದು ಮುಂದೆ ಬಂದು, ಬಾಗಿಲಿಗೆ ಬೆನ್ನು ಮಾಡಿ, ಎಲ್ಲರ ಕಡೆ ಮುಖ ಮಾಡಿ ಏನಾದರೂ ಹೇಳಬೇಕು. ನನ್ನ ಸರದಿ ಬಂತು. ಮುಂದೆ ನಿಂತೆ. ಮೂಗಿ ಎಂದಿದ್ದ ಮಕ್ಕಳೆಲ್ಲ ನೋಡುತ್ತಿದ್ದರು. ಅಷ್ಟು ಜನರ ಮುಂದೆ ನಾನು ತೆಲುಗು ಮಾತಾಡುವುದು ಅದೇ ಮೊದಲು. ಟೀಚರಮ್ಮ ಕೇಳಿದರು.

"ಮೀ ಇಂಟಿಕಿ ಎವರೊಚ್ಚಿಂಡ್ರು?"

ನಿಮ್ಮ ಮನೆಗೆ ಯಾರು ಬಂದಿದ್ದಾರೆ ಎಂದು. ನಾನು ಹೇಳಿದೆ.

"ಮಾ ಅಮ್ಮ ವಚ್ಚಿಂದಿ."

ನಮ್ಮ ಅವ್ವ ಬಂದಿದ್ದಾಳೆ. ಯಾರೂ ನಗಲಿಲ್ಲ. ನನ್ನ ದನಿ ಆ ಕೋಣೆಯ ಗೋಡೆಗೆ ತಾಗಿ ನನಗೇ ಕೇಳಿಸಿತು. ಟೀಚರಮ್ಮ ನನ್ನನ್ನು ನೋಡಿ, ನನ್ನ ಹೆಗಲಾಚೆ ಎಲ್ಲೋ ನೋಡಿ, ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ಇನ್ನೂ ಗಟ್ಟಿಯಾಗಿ ಎಂದರು. ಹಿಂದೆ ಕೂತವರಿಗೆ ಕೇಳಿಸುತ್ತಿಲ್ಲವೇನೋ ಎಂದುಕೊಂಡು ನಾನು ಉಸಿರು ತುಂಬಿಕೊಂಡು, ಕೂಗಿದ ಹಾಗೆ, ಮೂರನೆಯ ಸಲ ಹೇಳಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೆಯೇ ನಿಂತರು. ದೂರದಲ್ಲಿ ಜೀಪಿನ ಹಾರ್ನ್ ಕೇಳಿಸಿತು. ನಾನು ನನ್ನ ಜಾಗಕ್ಕೆ ಹೋಗಿ ಕೂತೆ.

ಸಂಜೆ ಮನೆಗೆ ಬಂದು ಎಷ್ಟು ಅತ್ತೆ ಎಂಬುದು ಬೇರೆ ಮಾತು. ಹೊಸ ರಾಜ್ಯ ಬಂದ ವರ್ಷ ಟೀಚರಮ್ಮನಿಗೆ ಗದ್ವಾಲಿನ ಕಡೆ ವರ್ಗವಾಯಿತು. ಹೋಗುವ ಮುನ್ನಾದಿನ ಅಜ್ಜಿಯ ಕೈಯ ಊಟಕ್ಕೆ ಬಂದಾಗ ಅವರು ನನ್ನನ್ನು ಹತ್ತಿರ ಕೂರಿಸಿಕೊಂಡು, ಈಗ ತಪ್ಪಿಲ್ಲದ ಕನ್ನಡದಲ್ಲಿ, ಅಪ್ಪ ಅವ್ವ ಹೊರಟುಹೋದ ದಿನದ ಸಂಗತಿ ಹೇಳಿದರು.

"ನಿಮ್ಮವ್ವ ಬಾಗಿಲ ಹೊರಗ ನಿಂತಿದ್ದಳು, ನೀಲಾ. ನಾ ಕರದ್ರ ಬ್ಯಾಡಂತ ಕೈ ಮಾಡಿದ್ಲು. ಸಪ್ಪಳ ಆದ್ರ ನೀ ತಿರುಗಿ ನೋಡ್ತಿ ಅಂತ ಚಪ್ಪಲಿ ಕೈಯಾಗ ಹಿಡಕೊಂಡಿದ್ಲು. ನೀ ಮೂರು ಸಲ ಹೇಳೋತನಕ ನಿಂತು ಕೇಳಿ, ಬರಿಗಾಲಿಲೇ ಹೋದ್ಲು."